ತಟ್ಟೆಯಲ್ಲಿ ಉಳಿದ ಅವರೆಕಾಳು

ಸೋಮಲಿಂಗಪ್ಪ ಮೂವತ್ತೊಂದು ವರ್ಷ ಯೂನಿವರ್ಸಿಟಿಯ ಹಣಕಾಸು ವಿಭಾಗದಲ್ಲಿ ಗುಮಾಸ್ತರಾಗಿದ್ದರು. ಬಜೆಟ್ಟಿಗೆ ಮೇಷ್ಟ್ರುಗಳ ಹುದ್ದೆ, ಸಂಬಳದ ಪಟ್ಟಿ ಮಾಡುವುದು ಅವರ ಕೆಲಸ. ಪಟ್ಟಿಯಲ್ಲಿಲ್ಲದ ಹುದ್ದೆಗೆ ಸಂಬಳವಿಲ್ಲ. ಆ ಹುದ್ದೆ ಸತ್ತ ಹಾಗೇ. ಆಫೀಸಿಗೆ ಕಂಪ್ಯೂಟರ್ ಬಂದರೂ ಅವರು ನಂಬಿದ್ದು ಹೆಂಡತಿ ಶಿವಗಂಗಮ್ಮನ ಅವರೆಕಾಳನ್ನು.

ಜನವರಿ ಬಂತೆಂದರೆ ಗೋವಿಂದರಾಜನಗರದ ಆ ಬಾಡಿಗೆ ಮನೆಯಲ್ಲಿ ಅವರೆಕಾಯಿ ಸುಲಿಯುವುದೂ ಬಜೆಟ್ಟೂ ಒಟ್ಟಿಗೇ. ಅವರು ಹೋದ ವರ್ಷದ ಪಟ್ಟಿ ಓದುವರು; ಆಕೆ ಹುದ್ದೆಗೊಂದು ಕಾಳು ತಟ್ಟೆಗೆ ಹಾಕುವಳು. ಆಮೇಲೆ ಹೊಸ ಪಟ್ಟಿ. ಹುದ್ದೆಗೊಂದು ಕಾಳು ತಟ್ಟೆಯಿಂದ ಪಾತ್ರೆಗೆ. ತಟ್ಟೆ ಬರಿದಾದರೆ ಲೆಕ್ಕ ಸರಿ. ಮೂರನೇ ಕ್ಲಾಸು ಓದಿದವಳಿಗೆ ಅಷ್ಟು ಸಾಕಿತ್ತು.

2006ರಲ್ಲಿ ಒಂದು ಕಾಳು ಉಳಿಯಿತು.

“ಎಲ್ಲೋ ಜಾಸ್ತಿ ಹಾಕಿದೀಯ ಕಣೇ.”

“ಕಾಳೇನು ಪುಗ್ಸಟ್ಟೆ ಬರುತ್ತೇನ್ರೀ ಜಾಸ್ತಿ ಹಾಕಕ್ಕೆ? ಇನ್ನೊಂದ್ಸಲ ಓದಿ.”

ಓದಿದರು. ಮತ್ತೆ ಒಂದು ಉಳಿಯಿತು. ಎರಡೂ ಪಟ್ಟಿ ಪಕ್ಕಪಕ್ಕ ಇಟ್ಟು ನೋಡಿದರೆ, ಬಿಟ್ಟುಹೋದದ್ದು ಭೂಗೋಳ ವಿಭಾಗದ ಹುದ್ದೆ. ನಾರಾಯಣಪ್ಪ ಮೇಷ್ಟ್ರು ನಿವೃತ್ತರಾದ ಮೇಲೆ ಅದು ಖಾಲಿ. ಹೆಸರಿಲ್ಲದ ಸಾಲನ್ನು ಸೋಮಲಿಂಗಪ್ಪನವರೇ ಅವಸರದಲ್ಲಿ ಬಿಟ್ಟಿದ್ದರು. ಆ ಪಾಠವನ್ನು ಐದು ವರ್ಷದಿಂದ ಚೇತನಾ ಎಂಬ ಹುಡುಗಿ ಗಂಟೆಗಿಷ್ಟು ಅಂತ ಮಾಡುತ್ತಿದ್ದಳು, ಆ ಹುದ್ದೆ ಸಿಕ್ಕೀತೆಂದು ಕಾಯುತ್ತ. ಪಟ್ಟಿಗೆ ಸಹಿ ಬಿದ್ದಾಗಿತ್ತು. ಬೆಳಿಗ್ಗೆ ಅಚ್ಚಿಗೆ ಹೋಗಬೇಕು.

“ಹೇಳಿದ್ರೆ ಮೆಮೋ ಕೊಡ್ತಾರೆ ಕಣೇ,” ಅಂದರು. ನಿವೃತ್ತಿಗೆ ನಾಲ್ಕೇ ತಿಂಗಳಿತ್ತು.

“ಮೆಮೋ ತಗೊಂಡ್ರೆ ಯಾರೂ ಸಾಯಲ್ಲ. ಆ ಹುಡುಗಿ ಅನ್ನ ಹೋಗುತ್ತೆ. ಮೊದಲ್ನೇ ಬಸ್ಸಿಗೇ ಹೋಗಿ.”

ಹೋದರು. ಸಾಲು ಸೇರಿತು. ಮೆಮೋನೂ ಬಂತು. ಮರುವರ್ಷ ಚೇತನಾಗೆ ಕೆಲಸ ಕಾಯಂ ಆಯಿತು. 2008ರಲ್ಲಿ ಸೋಮಲಿಂಗಪ್ಪ ಲಿಂಗೈಕ್ಯರಾದರು.

ಅದಾದ ಜನವರಿ ಶಿವಗಂಗಮ್ಮ ಅವರೆಕಾಯಿ ಕೊಳ್ಳಲಿಲ್ಲ. ಒಬ್ಬಳಿಗೆ ಏನು ಸುಲಿಯುವುದು? ಒಂದು ಭಾನುವಾರ ಚೇತನಾ ಮನೆ ಹುಡುಕಿಕೊಂಡು ಬಂದಳು, ಕೈಯಲ್ಲಿ ಎರಡು ಕೆಜಿ ಅವರೆಕಾಯಿ.

“ಸಾರ್‌ಗೆ ಥ್ಯಾಂಕ್ಸ್ ಹೇಳಕ್ಕೆ ಹೋದ್ರೆ, ನಂಗ್ಯಾಕೆ ಹೇಳ್ತೀಯ ಅಂತ ಬೈದ್ರು ಅಮ್ಮಾ. ಮೆಮೋಗೆ ಉತ್ತರ ಬರೆದಿದ್ರಲ್ಲ, ‘ತಪ್ಪು ಮಾಡಿದವನು ನಾನು, ಹಿಡಿದವಳು ನನ್ನ ಹೆಂಡತಿ’ ಅಂತ. ಆಫೀಸೆಲ್ಲಾ ನಕ್ಕಿದ್ರಂತೆ.”

“ಬರೆದಿದ್ರಾ?”

“ಹೂಂ ಅಮ್ಮಾ. ಫೈಲಲ್ಲೇ ಇದೆ.”

ಮನೆಯಲ್ಲಿ ಒಂದು ದಿನವೂ ಹೊಗಳಿದ ಮನುಷ್ಯನಲ್ಲ. ಶಿವಗಂಗಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಮೊರ ತಂದಳು. ಇಬ್ಬರೂ ಕೂತು ಸುಲಿದರು. ಮೊದಲ ಕಾಳನ್ನು ಗಂಡನ ಫೋಟೋ ಮುಂದೆ ಇಟ್ಟಳು.

“ಊಟ ಮಾಡ್ಕೊಂಡೇ ಹೋಗ್ಬೇಕು ಕಣಮ್ಮಾ,” ಅಂದಳು. “ಅವ್ರಿಗೆ ಸಾರಲ್ಲಿ ಕಾಳು ಜಾಸ್ತಿ ಇರ್ಬೇಕಿತ್ತು.”