ಮೀಟರ್ ಬದಲಿಸದ ಕಲೀಂ

ಕಲೀಂ ಅವರನ್ನು ನಾನು ಮೊದಲು ಕಂಡದ್ದು ಫೆಬ್ರವರಿಯ ಒಂದು ಬುಧವಾರ, ಬೆಳಿಗ್ಗೆ ಒಂಬತ್ತೂವರೆಗೆ, ಶಿರಾಳಕೊಪ್ಪದಲ್ಲಿ. ಸೊರಬದ ರಸ್ತೆಯಲ್ಲಿ ಟಯರ್ ಅಂಗಡಿಗಳು ಮುಗಿದ ಮೇಲೆ ಒಂದು ಬೇವಿನ ಮರ, ಅದರ ಕೆಳಗೆ ತಗಡಿನ ಅಂಗಡಿ. ಐವತ್ತರ ಆಸುಪಾಸಿನ ತೆಳ್ಳಗಿನ ಮನುಷ್ಯ ಟ್ರಾಕ್ಟರನ್ನು ಸ್ಟಾರ್ಟ್ ಮಾಡುವ ಸೆಲ್ಫ್ ಮೋಟಾರ್ ಬಿಚ್ಚಿಟ್ಟುಕೊಂಡು ಮಣೆಯ ಮೇಲೆ ಕುಳಿತಿದ್ದರು. ಮಾಸಿದ ನೀಲಿ ಅಂಗಿ, ಕಿವಿಯ ಮೇಲೆ ಟೆಸ್ಟರ್. ಹಿಂದಿನ ಗೋಡೆಯಲ್ಲಿ ಕ್ಯಾಲೆಂಡರಿನ ಪಕ್ಕ ಒಂದು ಮೊಳೆಗೆ ಕಾರಿನ ಹಳೆಯ ಮೀಟರ್ ತೂಗುಹಾಕಿತ್ತು. ಸ್ಟೇರಿಂಗ್ ಎದುರಿಗಿರುವ ಮುಳ್ಳು, ದೀಪಗಳ ಫಲಕಕ್ಕೆ ಇಲ್ಲಿ ಎಲ್ಲರೂ ಮೀಟರ್ ಎಂದೇ ಹೇಳುತ್ತಾರೆ. ನಾನು ಬಾಯಿ ತೆರೆಯುವ ಮೊದಲೇ ಅವರು ನನ್ನ ಕೈ ನೋಡಿದರು.

"ವಾಚಿನ ಪಟ್ಟಿ ಏನಾತ್ರಿ? ಬೆಲ್ಲ ಕರಗಿದಂಗ ಆಗೇತಲ್ಲ."

"ಬಿಸಿಲಿಗೆ ಇರಬೇಕು," ಎಂದೆ. ನಿಜವಾಗಿ ನನಗೂ ಗೊತ್ತಿರಲಿಲ್ಲ.

"ಇನ್ನೂ ಬಿಸಿಲೇ ಬಂದಿಲ್ಲಲ್ರಿ," ಎಂದು ಮತ್ತೆ ಮೋಟಾರಿನ ಕಡೆ ತಿರುಗಿದರು.

ನಾನು ಸೊರಬ ತಾಲ್ಲೂಕಿನಲ್ಲಿ ಆರೋಗ್ಯ ನಿರೀಕ್ಷಣಾಧಿಕಾರಿ. ಮಂಗನ ಕಾಯಿಲೆಯ ತಿಂಗಳುಗಳಲ್ಲಿ ಕ್ಯಾಸನೂರು ಕಡೆಯ ಕಾಡಂಚಿನ ಊರುಗಳನ್ನು ಸುತ್ತುವುದು ನನ್ನ ಕೆಲಸ. ಜ್ವರ ಬಂದವರ ರಕ್ತದ ಮಾದರಿ ತೆಗೆಸುತ್ತೇನೆ. ಈ ಕಾಯಿಲೆ ಹರಡುವುದು ಉಣುಗು ಎಂಬ ಸಣ್ಣ ಹುಳದಿಂದ. ಅದು ಮೈಗೆ ಹತ್ತದಂತೆ ಹಚ್ಚಿಕೊಳ್ಳುವ ಎಣ್ಣೆಯನ್ನು, ಸೌದೆಗೆಂದು, ತರಗೆಲೆಗೆಂದು ಕಾಡಿಗೆ ಹೋಗುವವರಿಗೆ ಹಂಚುತ್ತೇನೆ. ಬಸ್ಸಿಲ್ಲದ ಊರುಗಳಿಗೆ ಹೋಗಲೆಂದು ಒಂದು ಹಳೆಯ ಕಾರು ಕೊಂಡಿದ್ದೆ. ನಮ್ಮ ಮನೆಯ ಅಂಗಳಕ್ಕೆ ಎತ್ತಿನ ಗಾಡಿಯ ನಂತರ ಬಂದ ವಾಹನ ಅದೇ.

ಆ ಕಾರು ಎರಡು ತಿಂಗಳಿಂದ ನನ್ನನ್ನು ಸುಸ್ತು ಮಾಡಿತ್ತು. ಓಡುತ್ತಿರುವಾಗಲೇ ಮೀಟರಿನ ಮುಳ್ಳುಗಳೆಲ್ಲ ಸೊನ್ನೆಗೆ ಬೀಳುತ್ತಿದ್ದವು, ಎಚ್ಚರಿಕೆಯ ದೀಪಗಳೆಲ್ಲ ಒಟ್ಟಿಗೆ ಹೊತ್ತಿಕೊಳ್ಳುತ್ತಿದ್ದವು. ಎಂಜಿನ್ ಮಾತ್ರ ಏನೂ ಆಗದ ಹಾಗೆ ಓಡುತ್ತಿತ್ತು. ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗುತ್ತಿರಲಿಲ್ಲ. ಸಂಜೆಯ ಹೊತ್ತಿಗೆ ತಾನಾಗಿಯೇ ಸರಿಯಾಗುತ್ತಿತ್ತು. ಶಿವಮೊಗ್ಗದ ಒಂದು ವರ್ಕ್‌ಶಾಪಿನಲ್ಲಿ, ಇಡೀ ಮೀಟರ್ ಬದಲಿಸಬೇಕು ಎಂದಿದ್ದರು.

ಇದನ್ನು ಹೇಳಿದ ಕೂಡಲೇ ಪಕ್ಕದ ಪಂಕ್ಚರ್ ಅಂಗಡಿಯ ಪುಟ್ಟಪ್ಪ ನಕ್ಕರು. "ಮೀಟರಾ? ಸರಿಯಾದ ಜಾಗಕ್ಕೇ ಬಂದೀರಿ ಬಿಡ್ರಿ ಸಾರ್. ಮೀಟರ್ ಕಲೀಂ ಅಂದ್ರ ಇವರೇ!"

ಕಲೀಂ ತಲೆ ಎತ್ತಲಿಲ್ಲ. "ನಾನು ಮೀಟರ್ ಬದಲಿ ಮಾಡಂಗಿಲ್ರಿ. ಅದಕ್ಕ ಬಂದಿದ್ರ ಬ್ಯಾರೆ ಕಡಿ ನೋಡ್ರಿ."

"ಮಾಡೋದು ಬೇಡ ಮಾರಾಯ್ರೆ. ಯಾಕೆ ಹೀಗಾಗ್ತದೆ ಅಂತ ನೋಡಿ, ಸಾಕು," ಎಂದೆ.

ಅವರು ಕೈ ಒರೆಸಿಕೊಂಡು ಎದ್ದರು.

ಅವರು ಕಾರಿನೊಳಗೆ ತಲೆ ಹಾಕಿದ್ದಾಗ ಪುಟ್ಟಪ್ಪ ನನ್ನನ್ನು ಚಹಾಕ್ಕೆ ಕರೆದು ಆ ಹೆಸರಿನ ಕತೆ ಹೇಳಿದರು. ಎರಡು ವರ್ಷದ ಹಿಂದೆ ಶಿಕಾರಿಪುರದ ಜೋಳದ ವ್ಯಾಪಾರಿ ಉಚ್ಚಂಗಪ್ಪನವರ ಕಾರಿಗೂ ಹೀಗೇ ಆಗಿತ್ತಂತೆ. ಆಗ ಕಲೀಂ ಒಂದೇ ನೋಟಕ್ಕೆ ಮೀಟರ್ ಹೋಗಿದೆ ಎಂದು ಹೇಳಿ ಹೊಸದು ಹಾಕಿದರು. ಮೂರನೆಯ ದಿನ ಉಚ್ಚಂಗಪ್ಪನವರು ಕಾರು ಮತ್ತೆ ಕೆಟ್ಟು ಮನೆಯವರೊಂದಿಗೆ ದಾರಿಯ ನಡುವೆ ನಿಂತರು. ಮೀಟರ್ ಕೆಟ್ಟಿರಲೇ ಇಲ್ಲ; ಬ್ಯಾಟರಿಯ ಕೆಳಗಿನ ಒಂದು ಬೋಲ್ಟ್ ತುಕ್ಕು ಹಿಡಿದಿತ್ತು, ಅಷ್ಟೇ. ಅವರು ಜಗಳ ಮಾಡಲಿಲ್ಲ. ಹಳೆಯ ಮೀಟರ್ ತಂದು ಎಲ್ಲರೆದುರು ಈ ಅಂಗಡಿಯ ಮೇಜಿನ ಮೇಲಿಟ್ಟು, "ಇದನ್ನ ಗ್ವಾಡಿಗೆ ತೂಗಿ ಹಾಕ್ಕೋ ಕಲೀಂ," ಎಂದು ಹೋದರು. ಕಲೀಂ ಹಾಗೆಯೇ ಮಾಡಿದರು.

"ಆವಾಗಿಂದ ಹೊಸ ಕಾರು ಒಂದೂ ಇತ್ತ ಬರ್ಲಿಲ್ರಿ. ಬರೇ ಟ್ರಾಕ್ಟರ್ ಸೆಲ್ಫ್. ಈ ಶುಕ್ರವಾರ ನಮಾಜ್ ಆದ ಮ್ಯಾಲೆ ಅಂಗಡಿ ಕೀಲಿ ಮಾಲೀಕರಿಗೆ ಕೊಡ್ತಾರ. ಹೆಂಡ್ತಿ ತಮ್ಮ ಶಾನವಾಜನ ಬಟ್ಟಿ ಅಂಗಡ್ಯಾಗ ಕುಂದ್ರೋದು ಅಂತ ಮಾತಾಗೇತಿ."

ಅಂದರೆ ಇನ್ನು ಎರಡು ದಿನ. ನಾನು ಕಾರಿನ ಹತ್ತಿರ ಹೋದಾಗ ಕಲೀಂ ನೆಲಕ್ಕೆ ಬೆನ್ನು ಹಚ್ಚಿ, ಸ್ಟೇರಿಂಗ್ ಕೆಳಗೆ ತಲೆಯಿಟ್ಟು ಮಲಗಿದ್ದರು. ಕಾರಿಗೆ ಜೋಡಿಸಿದ್ದ, ದೋಷ ಹುಡುಕುವ ಸ್ಕ್ಯಾನರಿನ ಪರದೆಯಲ್ಲಿ ಸಾಲುಸಾಲು ಹಸಿರು ಗುರುತುಗಳಿದ್ದವು.

"ಎಲ್ಲಾ ಮಾತಾಡ್ತಾವ್ರಿ," ಎಂದು ಬೇಸರದಿಂದ ಹೇಳಿದರು. "ಎಂಜಿನ್, ಬ್ರೇಕ್, ಮೀಟರ್, ಒಂದಕ್ಕೊಂದು ಸುದ್ದಿ ಹೇಳೋದು ಎರಡೇ ವಯರಿನಾಗ. ಜಡಿ ಹೆಣೆದಂಗ ಎರಡೂ ಸುತ್ತಿಕೊಂಡು ಹೋಗ್ತಾವ, ಆದ್ರ ಒಂದರ ತಾಮ್ರ ಇನ್ನೊಂದಕ್ಕ ಮುಟ್ಟಬಾರ್ದು. ಮುಟ್ಟಿದ್ರ ಯಾರ ಮಾತೂ ಯಾರಿಗೂ ಕೇಳಂಗಿಲ್ಲ. ಈಗ ಅಳತಿ ಮಾಡಿದ್ರ ಅರವತ್ತು ಓಮ್ ತೋರಿಸ್ತದ. ಅರವತ್ತು ಅಂದ್ರ ವಯರು ಚಲೋ ಅದಾವ, ಮುಟ್ಟಿದ್ರ ಸೊನ್ನಿ ಹತ್ರ ಇಳೀಬೇಕು."

"ಹಾಗಾದರೆ?"

"ಹಾಗಾದ್ರ ಸುಳ್ಳು ಹೇಳಾಕತ್ತೈತಿ. ಬಿಟ್ಟು ಹೋಗ್ರಿ."

ಮರುದಿನ ರಜೆ ಹಾಕಿ ಬಸ್ಸಿನಲ್ಲಿ ಬಂದೆ. ಮೀಟರಿನ ಹಿಂದಿನ ಎಲ್ಲ ಕನೆಕ್ಟರುಗಳನ್ನೂ ಬ್ಯಾಟರಿಯ ಬೋಲ್ಟುಗಳನ್ನೂ ಅವರು ಬಿಚ್ಚಿ ನೋಡಿ ಆಗಿತ್ತು. ಅರವತ್ತು ಅರವತ್ತಾಗಿಯೇ ಇತ್ತು. ಅವರ ಕಣ್ಣುಗಳು ಕೆಂಪಾಗಿದ್ದವು. ಹನ್ನೊಂದರ ಹೊತ್ತಿಗೆ ಶಾನವಾಜ್ ಸ್ಕೂಟರಿನಲ್ಲಿ ಬಂದರು. ಇಸ್ತ್ರಿ ಮಾಡಿದ ಅಂಗಿ, ನಗುಮುಖ. ಅಕ್ಕನಿಗೆ ಆಪಾ, ಅಕ್ಕನ ಗಂಡನಿಗೆ ದುಲ್ಹೇಭಾಯ್ ಎನ್ನುವವರು.

"ಏನ್ ದುಲ್ಹೇಭಾಯ್, ಇನ್ನೂ ನೆಲದ ಮ್ಯಾಲೇನಾ? ನಮ್ಮಲ್ಲಿ ಫ್ಯಾನ್ ಐತಿ, ಕುರ್ಚಿ ಐತಿ. ಸೀರಿ ತೋರ್ಸಾಕ ಯಾರೂ ತಲಿ ಕೆಳಗ ಮಾಡಿ ಮಲಗಂಗಿಲ್ಲ."

"ನಾಳೆ ತನಕ ನನ್ನ ತಲಿ ನನ್ನದೇ ಅಲ್ಲೇನೋ? ಹೋಗು."

"ಹೋಗ್ತೀನಿ. ಆಪಾ ಕೇಳಂತ ಕಳಿಸಿದ್ಲು, ನಾಳೆ ಖರೇನೋ ಇಲ್ಲೋ ಅಂತ."

ಕಲೀಂ ಮತ್ತೆ ಸ್ಟೇರಿಂಗ್ ಕೆಳಗೆ ತಲೆ ಹಾಕಿದರು. ಶಾನವಾಜ್ ಹೋದ ಮೇಲೆ ನನ್ನ ಕಡೆ ತಿರುಗಿದರು. "ಸಾರ್, ಇದನ್ನೂ ತಪ್ಪು ಹೇಳಿದ್ರ ನಾನು ಕೀಲಿ ಕೊಡೋದೇ ಸರಿ. ನೆನಪು ಮಾಡ್ಕೊಂಡು ಹೇಳ್ರಿ, ಯಾವ ಹೊತ್ನಾಗ ಹಿಂಗ ಆಗ್ತೈತಿ?"

ನೆನಪಿನ ಅಗತ್ಯವಿರಲಿಲ್ಲ. ಕಾರು ಕೈಕೊಟ್ಟ ದಿನ, ಊರು, ಹೊತ್ತು ಎಲ್ಲವನ್ನೂ ನಾನು ಕ್ಷೇತ್ರ ಭೇಟಿಯ ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ತೆಗೆದು ಓದಿದೆ. ಹನ್ನೊಂದು ಸಲ ಆಗಿತ್ತು. ಹನ್ನೊಂದೂ ಸಲ ಮಧ್ಯಾಹ್ನ ಒಂದರಿಂದ ಮೂರರ ಒಳಗೆ, ಕಾರು ಬಿಸಿಲಿನಲ್ಲಿ ನಿಂತು ಹೊರಟ ಮೇಲೆ.

"ಬರೆದಿಟ್ಟೀರಾ? ನಿನ್ನೇನ ಹೇಳಬಾರ್ದೇನ್ರಿ!" ಅವರ ದನಿಯಲ್ಲಿ ಮೊದಲ ಸಲ ಸಿಟ್ಟು ಕೇಳಿತು. "ನಾನು ನಿನ್ನಿಂದ ಇದನ್ನ ನೆರಳಾಗ ಇಟ್ಕೊಂಡು ಕುಂತೀನಿ!"

ಪುಟ್ಟಪ್ಪನವರೂ ಕೈಹಚ್ಚಿ ಕಾರನ್ನು ಬೇವಿನ ಮರದ ಕೆಳಗಿಂದ ರಸ್ತೆಯ ಬಿಸಿಲಿಗೆ ತಳ್ಳಿದೆವು. ಕಲೀಂ ಬ್ಯಾಟರಿ ಕಳಚಿ, ಅಳತೆಯ ಯಂತ್ರದ ವಯರುಗಳನ್ನು ಕಿಟಕಿಯಿಂದ ಹೊರಗೆ ಎಳೆದು, ಗಾಜು ಏರಿಸಿದರು. ಕಾಯುವುದಷ್ಟೇ ಉಳಿದಿತ್ತು. ಕಲ್ಲಿನ ಮೇಲೆ ಕುಳಿತೆವು. ಮಧ್ಯೆ ಒಮ್ಮೆ ಅವರು ತೂಕಡಿಸಿದರು. ಒಂದು ಗಂಟೆಯ ಹೊತ್ತಿಗೆ ಅರವತ್ತು ಐವತ್ತಾಯಿತು, ಮತ್ತೆ ಅರವತ್ತಾಯಿತು. ಆಮೇಲೆ ಒಮ್ಮೆಲೇ ಎರಡಕ್ಕೆ ಬಂದು ನಿಂತಿತು.

"ಮುಟ್ಟಿದ್ವು," ಎಂದು ಕಲೀಂ ಎದ್ದರು.

ಮೀಟರಿನ ಹಿಂದಿನಿಂದ ಆ ಎರಡು ವಯರು ಹೋದ ದಾರಿ ಹಿಡಿದು, ಎಡಬಾಗಿಲು ತೆರೆದು ಕಾಲಿಡುವ ಜಾಗದ ಚಾಪೆ ಎತ್ತಿದರು, ಹೊಸ್ತಿಲಿನಂತಿರುವ ಪಟ್ಟಿಯನ್ನು ಕಿತ್ತರು. ಅದರ ಕೆಳಗೆ ವಯರುಗಳ ಕಟ್ಟು ಹಾದುಹೋಗಿತ್ತು. ಸುತ್ತಿದ ಟೇಪು ಬೆರಳು ತಾಗಿದ ಕಡೆಯೆಲ್ಲ ಜಾರಿತು. ಒಳಗಿನ ವಯರುಗಳ ಮೇಲಿನ ಹೊದಿಕೆ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿತ್ತು, ಅಲ್ಲಲ್ಲಿ ತಾಮ್ರ ಹೊಳೆಯುತ್ತಿತ್ತು. ಬಿಸಿಲಿಗೆ ಇನ್ನಷ್ಟು ಮೆತ್ತಗಾದಾಗ ಎರಡೂ ಒಂದಾಗುತ್ತಿದ್ದವು. ತಂಪಾದಾಗ ಬಿಗಿದುಕೊಂಡು ದೂರವಾಗುತ್ತಿದ್ದವು. ಅವರು ಬೆರಳನ್ನು ಮೂಸಿದರು. ಆಮೇಲೆ ನನ್ನ ಮಣಿಕಟ್ಟು ನೋಡಿದರು.

"ವಾಚು ಬಿಚ್ಚಿ ಕೊಡ್ರಿ."

ಪಟ್ಟಿಯನ್ನೂ ಮೂಸಿದರು. "ಎರಡೂ ಒಂದೇ ವಾಸನಿ. ಏನ್ರಿ ಇದು?"

ನನಗೆ ಆಗ ಹೊಳೆಯಿತು. ಕಾಡಿನಿಂದ ಬಂದವರ ಬಟ್ಟೆಯಿಂದ ಉಣುಗು ಕಾರಿಗೆ ಹತ್ತಬಾರದೆಂದು, ಎರಡು ವರ್ಷದಿಂದ ಪ್ರತಿ ಸೋಮವಾರ ನಾನು ಎಡಬಾಗಿಲ ಹೊಸ್ತಿಲಿನ ಉದ್ದಕ್ಕೂ ಆ ಎಣ್ಣೆಯನ್ನು ಗೆರೆ ಎಳೆದ ಹಾಗೆ ಸುರಿಯುತ್ತಿದ್ದೆ, ನನ್ನ ಕೈಗೂ ಹಚ್ಚಿಕೊಳ್ಳುತ್ತಿದ್ದೆ. ನನಗೆ ಸಿಕ್ಕ ಬಾಟಲಿಯ ಮೇಲೆ, ಪ್ಲಾಸ್ಟಿಕ್ಕಿಗೆ ತಾಗಿಸಬೇಡಿ ಎಂದು ಸಣ್ಣ ಅಕ್ಷರದಲ್ಲಿ ಬರೆದಿತ್ತು. ಊರೂರಿನಲ್ಲಿ ಮೇಲಿನ ದೊಡ್ಡ ಅಕ್ಷರಗಳನ್ನು ಓದಿ ಹೇಳುವ ನಾನು, ಆ ಸಾಲನ್ನು ಒಮ್ಮೆಯೂ ಓದಿರಲಿಲ್ಲ. ತಲೆ ತಗ್ಗಿಸಿ ಇದ್ದದ್ದನ್ನು ಹೇಳಿದೆ.

ಕಲೀಂ ಕೇಳಿಸಿಕೊಂಡು, "ಉಣುಗು ಒಳಗ ಬಂತೇನ್ರಿ?" ಎಂದರು.

"ಒಂದೂ ಬರಲಿಲ್ಲ."

"ಹಂಗಾರ ಎಣ್ಣಿ ಚಲೋದೈತಿ."

ಪುಟ್ಟಪ್ಪ ಬಿಡಲಿಲ್ಲ. "ಬಾಟ್ಲಿನೂ ಪ್ಲಾಸ್ಟಿಕ್ಕೇ ಅಲ್ಲೇನ್ರಿ? ಅದು ಯಾಕ ಕರಗಂಗಿಲ್ಲ?"

"ಪ್ಲಾಸ್ಟಿಕ್ಕಿನಾಗೂ ಜಾತಿ ಅದಾವೋ ಪುಟ್ಟಪ್ಪಾ," ಎಂದು ಕಲೀಂ ನಗದೆಯೇ ಹೇಳಿದರು.

ಕೆಟ್ಟ ವಯರನ್ನು ಎರಡು ಮೊಳದಷ್ಟು ಕತ್ತರಿಸಿ, ಹೊಸ ಜೋಡಿಯನ್ನು ಕೈಯಲ್ಲೇ ಹೆಣೆದು, ಬೆಸುಗೆ ಹಾಕಿದರು. ಸೋಪಿನ ನೀರಿನಿಂದ ಆ ಜಾಗವನ್ನು ನನ್ನ ಕೈಯಲ್ಲೇ ಮೂರು ಸಲ ತೊಳೆಸಿದರು. ಕೆಲಸ ಮುಗಿಯುವಾಗ ನಾಲ್ಕು ಗಂಟೆ. ಕೀಲಿ ತಿರುಗಿಸಿದೆ. ಮುಳ್ಳುಗಳು ಎದ್ದು ತಮ್ಮ ತಮ್ಮ ಜಾಗಕ್ಕೆ ಹೋದವು. ಕಲೀಂ ಖುಷಿಪಟ್ಟಂತೆ ಕಾಣಲಿಲ್ಲ. ಮಣೆಯ ಮೇಲೆ ಕುಳಿತು ಕುತ್ತಿಗೆ ಒತ್ತಿಕೊಂಡರು.

"ಇವತ್ತಿನ ಬಿಸಿಲು ಇಳೀತು. ನಾಳೆ ಮಧ್ಯಾಹ್ನದ ಬಿಸಿಲಿನಾಗ ನಿಲ್ಸಿ ನೋಡೋ ತನಕ ನಾನು ಸರಿಯಾತು ಅನ್ನಂಗಿಲ್ಲ. ನಮಾಜ್ ಮುಗಿಸಿ ಬಂದಿರ್ತೀನಿ, ಬರ್ರಿ."

ಶುಕ್ರವಾರ ನಾನು ಹನ್ನೆರಡಕ್ಕೇ ಬಂದು ಕಾರನ್ನು ಬಿಸಿಲಿಗೆ ನಿಲ್ಲಿಸಿದೆ. ಎರಡು ಗಂಟೆಗೆ ಕಲೀಂ ಬಿಳಿ ಟೋಪಿಯಲ್ಲೇ ಬಂದರು, ಜೊತೆಗೆ ಶಾನವಾಜ್. ಅಂಗಡಿಯ ಕೀಲಿ ಕಲೀಂ ಅವರ ಕೈಯಲ್ಲೇ ಇತ್ತು. ಕಾರಿನ ಸೀಟು ಮುಟ್ಟಲಾಗದಷ್ಟು ಕಾದಿತ್ತು. ಅವರೇ ಕುಳಿತು ಸ್ಟಾರ್ಟ್ ಮಾಡಿ, ಸೊರಬದ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿ ತಂದರು. ದೀಪ ಒಂದೂ ಹೊತ್ತಿರಲಿಲ್ಲ. ಇಳಿದು ಬೆವರು ಒರೆಸಿಕೊಂಡು ಭಾವಮೈದುನನ ಕಡೆ ತಿರುಗಿದರು.

"ಆ ಕುರ್ಚಿ ಬ್ಯಾರೆಯವರಿಗೆ ಕೊಡು ಶಾನವಾಜ್."

"ಮತ್ತ ಶುರು ಮಾಡಿದ್ರಾ? ಸಾಕಾಗೇತಿ ಅಂತ ನೀವೇ ಅಂದ್ರಲ್ಲ?"

"ಸಾಕಾಗೇತಿ, ಸುಳ್ಳಲ್ಲ. ಈ ಕೆಲಸ ತಪ್ಪಿದ್ರ ಆರಾಮಾಗಿ ಬಿಡಬಹುದಿತ್ತು. ಸರಿಯಾತಲ್ಲ, ಏನ್ ಮಾಡ್ಲಿ?"

"ಆಪಾಗ ಯಾರು ಹೇಳೋರು?"

"ನೀನೇ ಹೇಳು. ನಿನ್ನ ಅಕ್ಕ ಅಲ್ಲೇನು?"

ಪುಟ್ಟಪ್ಪ ಗೋಡೆಯ ಹಳೆಯ ಮೀಟರಿನ ಕಡೆ ಕೈ ತೋರಿಸಿ, "ಹಂಗಾರ ಅದನ್ನಾರ ಇಳಿಸ್ರಿ ಭಾಯ್," ಎಂದರು.

"ಅದು ಇರ್ಲಿ," ಎಂದು ಕಲೀಂ ಟೋಪಿ ತೆಗೆದು ಜೇಬಿಗಿಟ್ಟು, ಅರ್ಧಕ್ಕೆ ನಿಂತಿದ್ದ ಸೆಲ್ಫ್ ಮೋಟಾರಿನ ಕೆಲಸದ ಮುಂದೆ ಕುಳಿತರು.

ಕಲೀಂ ಈಗಲೂ ಅದೇ ತಗಡಿನ ಅಂಗಡಿಯಲ್ಲಿ ವಯರಿಂಗ್ ಕೆಲಸ ಮಾಡುತ್ತಾರೆ. ಬೆಳಿಗ್ಗೆ ಟ್ರಾಕ್ಟರುಗಳನ್ನು ನೋಡುತ್ತಾರೆ. ಮೀಟರ್ ಸತ್ತಿದೆ ಎಂದು ಬಂದ ಕಾರುಗಳನ್ನು ಮಧ್ಯಾಹ್ನ ಮರದ ನೆರಳಿನಿಂದ ಹೊರಗೆ ತಳ್ಳಿಸಿ, ಬಿಸಿಲಿನಲ್ಲಿ ನೋಡುತ್ತಾರೆ.