ಹದಿನಾಲ್ಕನೇ ಪಾಠ ತಿದ್ದಿದ ಮಂಜುಳಮ್ಮ

"ಮೇಡಂ, ಈ ದನಿ ನಂಗೊತ್ತು! ದಿನಾ ಬಸ್ಸಲ್ಲಿ ಕೇಳ್ತೀನಿ!"

ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ನನ್ನ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಲೋಹ ಕಡೆಯುವ ಲೇತ್ ಯಂತ್ರ ತೋರಿಸುತ್ತಿದ್ದೆ. ಅದನ್ನು ನಡೆಸುತ್ತಿದ್ದ ಮಂಜುಳಮ್ಮ ಯಂತ್ರ ನಿಲ್ಲಿಸಿ ಹೀಗೆ ಕೂಗಿಬಿಟ್ಟರು. ನಾನು ಆನ್‌ಲೈನ್‌ನಲ್ಲಿ ಉಚಿತವಾಗಿ ಕನ್ನಡದಲ್ಲಿ ಹಾಕಿದ್ದ ಎಂಜಿನಿಯರಿಂಗ್ ಪಾಠಗಳನ್ನೆಲ್ಲ, ಹತ್ತನೇ ತರಗತಿವರೆಗೆ ಓದಿದ ಈಕೆ ಕೇಳಿ ಮುಗಿಸಿದ್ದರು! ನಾನು ಹಿಗ್ಗಿ ಹೀರೇಕಾಯಿಯಾದೆ.

"ಆದ್ರೆ ಹದಿನಾಲ್ಕನೇ ಪಾಠದಲ್ಲಿ ಒಂದು ತಪ್ಪಿದೆ ಮೇಡಂ."

ವಿದ್ಯಾರ್ಥಿಗಳೆಲ್ಲ ಹತ್ತಿರ ಸರಿದರು. ಆಗಷ್ಟೇ ಕಡೆದಿದ್ದ ಉಕ್ಕಿನ ಸರಳನ್ನು ಆಕೆ ನನ್ನ ಕೈಗಿತ್ತರು. ಪಾಠದಲ್ಲಿ ನಾನೇ ಹೇಳಿದ್ದಂತೆ, ಕಡೆದ ಕೂಡಲೇ ಕೂದಲೆಳೆ ದಪ್ಪವನ್ನೂ ಅಳೆಯುವ ಮೈಕ್ರೋಮೀಟರ್ ಹಿಡಿದೆ, ಅಳತೆ ಕರಾರುವಾಕ್ಕಾಗಿತ್ತು. ಕಾಲು ಗಂಟೆ ಬಿಟ್ಟು ಮತ್ತೆ ಅಳೆಸಿದರು. ಬಿಸಿ ಆರಿದ ಸರಳು ಅರ್ಧ ಕೂದಲೆಳೆಯಷ್ಟು ಸಣ್ಣಗಾಗಿತ್ತು. ಬಿಸಿಗೆ ಲೋಹ ಹಿಗ್ಗುತ್ತದೆಂದು ವರ್ಷಗಟ್ಟಲೆ ಪಾಠ ಮಾಡಿದ ನಾನು ಅದನ್ನೇ ಮರೆತಿದ್ದೆ!

"ಪಾಠದ ಕೆಳಗೇ ಬರೆದು ಕೇಳಿದ್ದೆ. ಯಾರೂ ಉತ್ತರ ಕೊಡ್ಲಿಲ್ಲ. ಎರಡು ಪೀಸ್ ರಿಜೆಕ್ಟ್ ಆದ್ಮೇಲೆ ನಾನೇ ಕಂಡ್ಕೊಂಡೆ," ಎಂದು ನಕ್ಕರು ಮಂಜುಳಮ್ಮ.

ಚಿಕ್ಕಬಾಣಾವರದ ಮನೆಗೆ ಬಂದವಳೇ, ಪಾಠಗಳ ಕೆಳಗಿನ ಪ್ರಶ್ನೆಗಳನ್ನು ಮೊದಲ ಬಾರಿಗೆ ತೆರೆದು ನೋಡಿದೆ. ಅವರ ಪ್ರಶ್ನೆ ಅಲ್ಲೇ ಇತ್ತು, ಇನ್ನೂ ಎಷ್ಟೋ ಜನ ಉತ್ತರಕ್ಕೆ ಕಾಯುತ್ತಿದ್ದರು. ಒಂದೊಂದಕ್ಕೂ ಉತ್ತರ ಬರೆಯತೊಡಗಿದ್ದೇನೆ. ಹದಿನಾಲ್ಕನೇ ಪಾಠ ಮಾತ್ರ ಬರುವ ಭಾನುವಾರ ಪೀಣ್ಯದಲ್ಲಿ ಹೊಸದಾಗಿ ರೆಕಾರ್ಡ್ ಆಗಲಿದೆ. ಪಾಠ ಮಾಡುವವರು ಮಂಜುಳಮ್ಮ. ಮೊಬೈಲ್ ಹಿಡಿದು ನಿಲ್ಲುವವಳು ನಾನು.