ಹೊಡೆಯದ ಡಂಗುರಕ್ಕೆ ಒತ್ತಿದ ಹೆಬ್ಬೆಟ್ಟು

ದಾನವಾಗಿ ಬಂದ ಹೊಲ ಟ್ರಸ್ಟಿನ ಅಧ್ಯಕ್ಷನ ಅಪ್ಪನ ಆಸ್ತಿಯಲ್ಲ. ಅದನ್ನು ಮಾರಲು ಸರ್ಕಾರದ ಅಪ್ಪಣೆ ಬೇಕು. ಅಪ್ಪಣೆಗೆ ಮೊದಲು ಊರಲ್ಲಿ ಡಂಗುರ ಹೊಡೆಸಿ, ಒಂದು ತಿಂಗಳು ತಕರಾರಿಗೆ ಕಾಯಬೇಕು. ಹುಡಗಿ ಎಂಬ ಊರಿನ, ಅಕ್ಷರ ಬಾರದ ಬಂಡೆಪ್ಪನಿಗೂ ಇದು ಗೊತ್ತಿತ್ತು. ಆ ಡಂಗುರ ಹೊಡೆಯುವ ಊರ ನೌಕರನೇ ಅವನು.

ಮಕ್ಕಳಿಲ್ಲದ ಯಶೋದಾಬಾಯಿ ಹುಡಗಿ ಊರಿನ ತನ್ನ ಎಂಟೆಕರೆಯನ್ನು ಬಸವಕಲ್ಯಾಣದ ಬಡಮಕ್ಕಳ ಬೋರ್ಡಿಂಗಿಗೆ ಬರೆದುಕೊಟ್ಟು ಸತ್ತಿದ್ದಳು. ಆ ಹೊಲದ ಜೋಳವೇ ಮಕ್ಕಳ ರೊಟ್ಟಿ. 1978ರ ಬೇಸಿಗೆಯಲ್ಲಿ ಬೋರ್ಡಿಂಗ್ ನಡೆಸುವ ಟ್ರಸ್ಟಿನ ಅಧ್ಯಕ್ಷ ಕಾಶಿರಾಮ ಬಂಡೆಪ್ಪನನ್ನು ತನ್ನ ಅಂಗಡಿಗೆ ಕರೆಸಿ ಕಾಗದ ಚಾಚಿದ.

"ಬಂಡ್ಯಾ, ಹೆಬ್ಬಟ್ಟ ಒತ್ತು. ಬೋರ್ಡಿಂಗ್ ಹೊಲದ ಡಂಗುರ ಹೊಡದೀನಿ ಅಂತ ಬರದದ."

"ಇನ್ನಾ ಹೊಡದಿಲ್ಲಲ್ರಿ ಸಾವ್ಕಾರ್ರ."

"ಬಿಸಲಾಗ ಯಾಕ ಸಾಯ್ತಿ? ಇವತ್ತ ಒತ್ತು, ನಾಳಿ ಹೊಡಿ."

ಒತ್ತಿದ. ಮರುದಿನ ಡಂಗುರದ ಹಲಗಿ ಹೆಗಲಿಗೇರಿಸಿ ಹೊರಟರೆ, ಕಾಶಿರಾಮನ ಆಳು ಅಡ್ಡ ಬಂದು "ಬ್ಯಾಡಂತ" ಎಂದ. ಬಂಡೆಪ್ಪ ಹಲಗಿಯನ್ನು ಮತ್ತೆ ಗೂಟಕ್ಕೆ ಹಾಕಿದ. ಅವನ ಪಾಪ ಅಷ್ಟೇ, ಆದರೆ ಅದು ಪಾಪವೇ.

ಮೂರು ವಾರದಲ್ಲಿ ಕಾಶಿರಾಮನ ಹೆಂಡತಿಯ ತಮ್ಮ ವೈಜಿನಾಥ ಆ ಹೊಲದಲ್ಲಿ ಅಳತೆಯ ಸರಪಳಿ ಎಳೆಸತೊಡಗಿದ. ಕೊಳ್ಳುವವನು ಅವನೇ! ಊರು ಬಂಡೆಪ್ಪನ ಬಾಗಿಲಿಗೆ ಬಂತು: "ಎಷ್ಟ ತಿಂದಿಲೇ?" ಹೆಂಡತಿ ದ್ರೌಪತಿ ಗೂಟದಿಂದ ಹಲಗಿ ಕಿತ್ತುಕೊಂಡಳು. "ಇದು ಮೂಕಾಗ್ಯಾದೇನ್ರಿ? ಹಂಗಿದ್ರ ಒಲಿಗಿ ಹಾಕ್ತೀನಿ."

ಬಂಡೆಪ್ಪ ಹುಮನಾಬಾದಿಗೆ ಓಡಿದ. ತಾಲೂಕು ಕಚೇರಿಯ ಮುಂದೆ ಅರ್ಜಿ ಬರೆಯುವ ಗಯಾಸುದ್ದೀನ್ ತಾರೀಖು ಎಣಿಸಿದ.

"ತಕರಾರಿಗಿ ನಾಕ ದಿನ ಬಾಕಿ ಅದ, ಮಾಮು. ಆದ್ರ ಸುಳ್ಳ ಹೆಬ್ಬಟ್ಟ ಒತ್ತೀನಿ ಅಂತ ನೀನಾ ಒಪ್ಕೋಬೇಕು. ನೌಕರಿ ಹೋತದ."

"ಹೋಗ್ಲಿ. ಆ ಸಾವ್ಕಾರನ ಮಾರಿಗಿ ಮಸಿ ಹತ್ಲಿ. ಬರಿ."

ಮರುದಿನ ಹುಡಗಿ ಊರಿನ ಓಣಿ ಓಣಿಯಲ್ಲಿ ಹಲಗಿ ಕೂಗಿತು. ಅದರ ಮರುದಿನ ಬಸವಕಲ್ಯಾಣದ ಸಂತೆಯಲ್ಲಿ, ಕಾಶಿರಾಮನ ಅಂಗಡಿಯ ಮೆಟ್ಟಿಲ ಮೇಲೆಯೇ: "ಕೇಳ್ರಪ್ಪೋ ಕೇಳ್ರಿ! ಮಕ್ಕಳ ರೊಟ್ಟಿ ಹೊಲ ಅಧ್ಯಕ್ಷರ ಹೆಂಡ್ತಿ ತಮ್ಮಗ ಹೊಂಟದ! ತಕರಾರಿದ್ದವರು ಬರ್ರಿ!"

ಕಾಶಿರಾಮ ಹೊರಗೆ ಹಾರಿದ. "ಹುಚ್ಚ ಹಿಡದದೇನಲೇ?"

"ಡಂಗುರ ಹೊಡದೀನಿ ಅಂತ ನೀವಾ ಬರಸೀರಲ್ರಿ ಸಾವ್ಕಾರ್ರ. ನಿಮ್ಮ ಕಾಗದ ಖರೇ ಮಾಡಾಕತ್ತೀನಿ."

ಸಂತೆ ಬಿದ್ದುಬಿದ್ದು ನಕ್ಕಿತು. ಅರವತ್ತೊಂದು ತಕರಾರು ಬಿದ್ದವು. ವಿಚಾರಣೆಯಲ್ಲಿ ಸಾಹೇಬರು ಕಾಗದ ತೋರಿಸಿದಾಗ ಬಂಡೆಪ್ಪ ಹೆಬ್ಬೆಟ್ಟು ಎತ್ತಿ ಹಿಡಿದ. "ಇದು ನಂದೇ ರೀ. ಹಲಗಿ ಅವತ್ತ ಗೂಟಕ್ಕಿತ್ತು."

ಅಪ್ಪಣೆ ಸಿಗಲಿಲ್ಲ, ಹೊಲ ಉಳಿಯಿತು. ಬಂಡೆಪ್ಪನ ನೌಕರಿ ಹೋಯಿತು. ಕಾಶಿರಾಮನ ಕುರ್ಚಿ ಮಾತ್ರ ಅಲುಗಲಿಲ್ಲ. ಸುಳ್ಳು ಕಾಗದ ಬರೆಸಿದವನಿಗೆ ಶಿಕ್ಷೆಯಿಲ್ಲ, ಒತ್ತಿದವನಿಗೆ ಉಂಟು!

ಆ ಬಾಕಿಯನ್ನು ಬಂಡೆಪ್ಪ ತಾನೇ ವಸೂಲು ಮಾಡಿದ. ಪ್ರತಿ ಸಂತೆಗೆ ಆ ಮೆಟ್ಟಿಲ ಮುಂದೆ ನಿಂತು ಹಲಗಿಗೆ ಮೂರು ಏಟು ಹೊಡೆಯುತ್ತಿದ್ದ, ಮಾತಿಲ್ಲ. ಕಾಶಿರಾಮ ಅಂಗಡಿಯನ್ನು ಬೇರೆ ಓಣಿಗೆ ಸಾಗಿಸಿದ. ಹಲಗಿ ಅಲ್ಲಿಗೂ ಹೋಯಿತು. ಆರನೆಯ ವರ್ಷ ಅವನು ಅಧ್ಯಕ್ಷಗಿರಿಗೆ ರಾಜೀನಾಮೆ ಕೊಟ್ಟ ಮೇಲೆಯೇ ಅದು ಗೂಟಕ್ಕೆ ಮರಳಿದ್ದು.

ನಿಮ್ಮೂರಲ್ಲೂ ಬೋರ್ಡಿಂಗಿಗೋ ಧರ್ಮಶಾಲೆಗೋ ದಾನ ಬಂದ ಹೊಲವಿದೆ. ಮಾರಿದ್ದಾರೆಯೇ? ಗುತ್ತಿಗೆಗೆ ಕೊಟ್ಟಿದ್ದಾರೆಯೇ? ನಾಳೆಯೇ ಹೋಗಿ ಕಾಗದ ತೆಗೆಸಿ. ಅದರಲ್ಲಿ ಹೆಬ್ಬೆಟ್ಟು ಒತ್ತಿದವನನ್ನು ಹುಡುಕಿ, ಎದುರು ನಿಂತು ಕೇಳಿ: ಡಂಗುರ ಹೊಡೆದೆಯಾ?